ಅಂಟು

ಕೊಪ್ಪೀಕರ ರೋಡಿನ ಮೆಹರವಾಡೆ ಅಂಗಡಿಯೊಳಗ
ಗಾಜಿನ ಮ್ಯಾಲ ಮೂರು ರಬ್ಬರು.
ಮೂರೂ ಕರೀವು, ನೋಡಾಕ ಅಕ್ಕ-ತಂಗೇರು.
"ಮುಟ್ಟಿ ನೋಡ್ರಿ ಕಸ್ತೂರಕ್ಕ, ಕೈ ಮಾತ್ರ ಒಣಾ ಇರಲಿ."

ಇಪ್ಪತ್ತೊಂದು ವರ್ಷ ಸೊಸೈಟಿ ಕೌಂಟರಿನ್ಯಾಗ ದುಡಿದ ಹೆಬ್ಬೆರಳು ಇದು.
ನೀರಿನ ಬಟ್ಟಲದಾಗ ಸ್ಪಂಜು, ಸ್ಪಂಜಿನ ಮ್ಯಾಲ ಬೆರಳು,
ಕಟ್ಟಿನೊಳಗ ಎರಡು ನೋಟು ಒಂದಕ್ಕೊಂದು ಹತ್ತಿ ಕುಂತರ
ಕಣ್ಣಿಗಿಂತ ಮೊದಲು ಇದಕ್ಕ ತಿಳೀತದ.

ಮೊದಲನೇದು ಮುಟ್ಟಿದೆ, ಬಿಡವಲ್ದು.
ಅಂಟಿನುಂಡಿ ತಿಂದು ಕೈ ತೊಳೀದ ಕೂಸು
ಸೆರಗು ಹಿಡದಂಗ.
ಚೆಂಡು ಒತ್ತಿ ಬೋರಲ ಮಾಡಿದೆ.
ಒಂದು, ಎರಡು, ಮೂರು...
ಅಂಗಡಿ ಹುಡುಗ ಚಹಾದ ಕಪ್ಪು ಹಿಡಕೊಂಡು ಹಂಗ ನಿಂತ.
ಏಳಕ್ಕ ಬಿತ್ತು.
"ಇದನ್ನ ಒಯ್ರಿ, ಎಲ್ಲಾರೂ ಇದನ್ನ ಒಯ್ತಾರ."

ಎರಡನೇದು ನುಣುಪು. ಹೊಡದರ ಗುಂಡು.
ಮುಂಚೆ ಇಂಥಾದ್ದರಾಗ ಆಡೇನಿ. ಆಗ ಮೊಣಕಾಲು ಇದ್ದುವು.
ಈಗ ಮೆಟ್ಟಲ ಹತ್ತೂವಾಗ ಎಡಗಾಲು
ಹಳೇ ಕಪಾಟಿನಂಗ ಮಾತಾಡತದ.
ಚೆಂಡಿನ ಹಿಂದ ನಾ ಓಡೂದು ಮುಗೀತು.
ಇನ್ನ ಚೆಂಡು ತಿರುಗಬೇಕು, ಎದುರಿನವರು ಓಡಬೇಕು.

ಮೂರನೇದು
ಮುಟ್ಟಿದರ ಹಿಡೀತು, ಎತ್ತಿದರ ಬಿಟ್ಟಿತು,
ಬಿಡೂವಾಗ ಬೆರಳತುದಿಗೆ ಸಣ್ಣ ಸಪ್ಪಳ,
ಬಾಳಿ ಎಲಿ ಮ್ಯಾಲಿಂದ ಹೋಳಿಗಿ ಎಬ್ಬಿಸಿದಂಗ.
ಚೆಂಡು ಎರಡಕ್ಕ ಬಿತ್ತು.
ಬಿದ್ದದ್ದು ಸುಮ್ಮನ ಬೀಳಲಿಲ್ಲ,
ಗಾಜಿನ ಮ್ಯಾಲ ಒಂದು ಗೇಣು ಬುಗರಿ ಆಡಿ
ಬಿಲ್ಲಿನ ಪುಸ್ತಕಕ್ಕ ಹಾದು ನಿಂತಿತು.

"ಸ್ಪಂಜು ಮೂವತ್ತೊಂಬತ್ತೋ, ನಲವತ್ತೋ?"
"ಒಂದು ಡಿಗ್ರಿಗೆ ಏನು ಫರಕ್ರೀ?"
"ಅದನ್ನ ನಾ ಹೇಳೂದಲ್ಲ, ನಾಳೆ ನಿಮ್ಮ ರಟ್ಟಿ ಹೇಳತದ."
ಮೂವತ್ತೊಂಬತ್ತು ಅಂದೆ. ರಟ್ಟಿ ಜೋಡಿ ಜಗಳ ಬ್ಯಾಡ.

ಕೇಶ್ವಾಪುರದ ಮನಿ. ಫ್ಯಾನಿನ ಕೆಳಗ
ಹಾಲಿನಂಥಾ ಅಂಟು ಗಾಜಿನಂಗ ಆಗೂತನಕ ಕಾದೆ,
ಲಟ್ಟಣಿಗಿ ಉರುಳಿಸಿ ಕೂಡಿಸಿದೆ, ಅಂಚು ಕತ್ತರಿಸಿದೆ.
"ಲಟ್ಟಣಿಗಿ ಎಲ್ಲಿಟ್ಟೀಯವ್ವ?" ಅತ್ತಿ ಹುಡುಕ್ಕೋತ ಬಂದರು,
ಚಪಾತಿ ಹಿಟ್ಟಿನ ಹೆಬ್ಬೆರಳಿಂದ ಒತ್ತಿ ನೋಡಿದರು.
"ನೊಣಾ ಹಿಡಿಯೂದೇನ ಇದು? ಎಷ್ಟು ಕೊಟ್ಟಿ?"
ಅರ್ಧಾ ಹೇಳಿದೆ. ಅರ್ಧಕ್ಕೂ ಹುಬ್ಬು ಏರಿತು.

ಸೋಮವಾರ ಸಂಜಿ, ರೈಲ್ವೆ ಕಾಲನಿ ಹಿಂದಿನ ಹಾಲು.
ತಬಸುಮ್, ಎಂಟನೇ ಇಯತ್ತೆ,
ಎರಡು ಜಡಿ, ಕೈಯಾಗ ಕಾಕಾನ ಹಳೇ ಬ್ಯಾಟು.
ನನ್ನ ಮೊದಲ ಸರ್ವು ಬದಿಗೆ ಹೊಳ್ಳಿ
ಆಕಿ ಬ್ಯಾಟು ದಾಟಿ ಗ್ವಾಡಿಗೆ ಹೋತು.
ಆಕಿ ಬಾಯಿ ತಗದಳು. ನಾ ಒಳಗೊಳಗ ಉಬ್ಬಿದೆ.

ಆಮ್ಯಾಲ ಆಕಿ ಸರ್ವು.
ಸಣ್ಣದು, ಕೆಳಗ ಕೊಯ್ದು ಬಿಟ್ಟದ್ದು.
ನುಣುಪು ರಬ್ಬರಿದ್ದಾಗ ತಟ್ಟಿ ಕಳಸತಿದ್ದೆ, ಹೋಗತಿತ್ತು.
ಈಗ ಬಂದ ಚೆಂಡು ತಾ ತಂದ ತಿರುವೆಲ್ಲಾ
ಪೈಸಾ ಬಿಡದ ನನ್ನ ಕೈಗೆ ಎಣಿಸಿ ಕೊಟ್ಟು
ನೆಟ್ಟಿಗೆ ಬಿತ್ತು.
ಇನ್ನೊಂದು. ಅದೂ ನೆಟ್ಟಿಗೆ.
ಎದುರಿನವರದ್ದೂ ನಮಗ ಹತ್ತತದ ಅಂತ
ಮೆಹರವಾಡೆ ಹೇಳಿರಲಿಲ್ಲ.
ಕೇಳೂದು ನನಗೂ ಹೊಳೀಲಿಲ್ಲ.

ಹನ್ನೊಂದು-ಆರು ಸೋತೆ.
"ಆಂಟಿ, ಒಂದೀಟ ನಿಮ್ಮ ಬ್ಯಾಟು ಕೊಡ್ರಿ."
ಚೆಂಡು ಒತ್ತಿ ಬೋರಲ ಹಿಡಿದು ತಾನೂ ಎಣಿಸಿದಳು, ತುಟಿಯಾಗ.

ಮನಿಗೆ ಬಂದು ಹಸೀ ಬಟ್ಟಿಲೆ ಒರಸಿದೆ.
ಹುಬ್ಬಳ್ಳಿ ಧೂಳು ಬಂತು. ಒಂದು ಉದ್ದ ಕೂದಲು,
ತಬಸುಮಂದೋ ನನ್ನದೋ.
ಹಿಡಿಕಿ ಹತ್ತಿರ, ಚೆಂಡು ಎಂದೂ ಮುಟ್ಟದ ಮೂಲ್ಯಾಗ
ಬೆಳ್ಳಗ ಒಂದು ಹೆಬ್ಬೆರಳಿನ ಸುಳಿ.
ಅಷ್ಟು ಬಿಟ್ಟು ಒರಸಿ
ಪ್ಲಾಸ್ಟಿಕ್ಕಿನ ಹಾಳಿ ಮುಚ್ಚಿದೆ.