ಕಪ್ ಕೂತ ಸದ್ದು

ಮುಂದಿನ ಎಡಗಾಲಿಯನ್ನು ಜಾಕಿಗೆ ಎತ್ತಿ
ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದೆ.
ಬೀಳಲಿರುವ ಹಲ್ಲಿನ ಹಾಗೆ ಆಡಿತು.
ಅಮರೇಗೌಡರ ಜೀಪು, ನಾಲ್ಕೂ ಗಾಲಿ ಎಳೆಯುವಂಥದ್ದು,
ಕುಷ್ಟಗಿಯಾಚೆ ಕಲ್ಲಿನ ಕ್ವಾರಿಗೆ
ದಿನಕ್ಕೆ ಆರು ಸಲ ಇಳಿದು ಆರು ಸಲ ಹತ್ತುತ್ತದೆ,
ನೀರಿನ ಡ್ರಮ್ಮು, ಡ್ರಿಲ್ಲಿನ ಮೊನೆ, ಬುತ್ತಿಯ ಗಂಟು ಹೊತ್ತು.

ಉಸ್ತಾದ ದಾವಲಸಾಬ ಮಾತಾಡದೆ ಗಾಲಿ ತಿರುಗಿಸಿ
ಸ್ಪ್ರಿಂಗಿನ ಪಟ್ಟಿಯ ಮೇಲೆ ಬೆರಳಿಟ್ಟ.
ಇಪ್ಪತ್ತು ವರ್ಷ ಕಂಪ್ರೆಸರಿನ ಪಕ್ಕ ನಿಂತ ಕಿವಿ ಅವನದು,
ಈಗ ಕೇಳುವುದು ಬೆರಳು.
"ಉಸುಕೈತಿ ಒಳಗ," ಎಂದ. "ಬಿಚ್ಚು ಹುಲಿಗೀ."

ಆರು ಬೋಲ್ಟು. ಲಾಕ್ ಹಬ್ಬಿನ ಮುಚ್ಚಳ. ಆಮೇಲೆ ಸರ್ಕ್ಲಿಪ್ಪು,
ಕೈ ತಪ್ಪಿದರೆ ಚಹಾದಂಗಡಿಯವರೆಗೂ ಹಾರುತ್ತದೆ;
ಒಮ್ಮೆ ಹಾರಿ, ಬನ್ನಿನ ಬರಣಿಯಲ್ಲಿ ಸಿಕ್ಕಿತ್ತು.
ಮಡಿಚಿದ ವಾಷರಿನ ಕಿವಿಯನ್ನು ಉಳಿಯಿಂದ ನೆಟ್ಟಗೆ ಮಾಡಿ
ನಟ್ಟು ತೆಗೆದರೆ
ಹೊರಗಿನ ಬೇರಿಂಗು ತಾನೇ ಜಾರಿ ಅಂಗೈಗೆ ಬಂತು.

ಗ್ರೀಸು ಗ್ರೀಸಾಗಿ ಉಳಿದಿರಲಿಲ್ಲ.
ಕಲ್ಲು ಕೊಯ್ದ ಹುಡಿ, ಹೊಂಡದ ನೀರು ಕೂಡಿ
ಹಳಸಿದ ಅಂಬಲಿಯ ಬಣ್ಣ,
ಬೆರಳ ನಡುವೆ ತಿಕ್ಕಿದರೆ ಕರಕರ.
ಇಲ್ಲಿಯ ಕಲ್ಲು ಗುಲಾಬಿ. ಹೊಳಪು ಪಡೆದು
ಯಾರದೋ ಮೆಟ್ಟಿಲಾಗಲು ದೂರ ಹೋಗುತ್ತದೆ.
ಹುಡಿ ಮಾತ್ರ ಇಲ್ಲೇ,
ರೊಟ್ಟಿಯಲ್ಲಿ, ಕೂದಲಲ್ಲಿ,
ಸೀಲು ದಾಟಿ ಹೀಗೆ ಉಕ್ಕಿನ ಹೊಟ್ಟೆಯಲ್ಲಿ.

ಡೀಸೆಲ್ಲಿನಲ್ಲಿ ತೊಳೆದ ಮೇಲೆ ಕಂಡಿತು:
ರೋಲರುಗಳ ಮೈತುಂಬ ಸಿಡುಬಿನ ಕಲೆ,
ಕಪ್‌ನ ಒಂದು ಬದಿ ನವಿಲುಗರಿಯ ನೀಲಿ.
ಚಂದ ಕಂಡರೆ ಸುಟ್ಟಿದೆ ಅಂತ ಅರ್ಥ.

ಹಳೆಯದನ್ನು ಹೊಡೆದು ತೆಗೆದು ಹೊಸ ಕಪ್ ಇಟ್ಟೆ.
ಹಿತ್ತಾಳೆಯ ಸರಳು, ಅದರ ಮೇಲೆ ಸುತ್ತಿಗೆ,
ಒಂದು ಪೆಟ್ಟು ಇಲ್ಲಿ, ಒಂದು ಅದರ ಎದುರಿಗೆ.
ಟಣ್. ಟಣ್.
ಸದ್ದು ಟೊಳ್ಳಾಗಿರುವಷ್ಟು ಹೊತ್ತು ಅದು ಕೂತಿಲ್ಲ.

"ಬದಲಾತೇನು?" ಉಸ್ತಾದ ಕೇಳಿದ,
ನನ್ನ ಬಾಯಿಯನ್ನೇ ನೋಡುತ್ತ.

ಹೋದ ವರ್ಷ ಒಂದು ಶನಿವಾರ, ಆರೂವರೆ ಬಸ್ಸಿನ ಅವಸರದಲ್ಲಿ
ಬದಲಾಗದ ಸದ್ದಿಗೆ ನಾನು ಹೂಂ ಅಂದಿದ್ದೆ.
ಎಂಟನೇ ದಿನ ಆ ಗಾಡಿ
ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು,
ಸುಟ್ಟ ಬಣ್ಣದ ವಾಸನೆ ಅದಕ್ಕಿಂತ ಮುಂಚೆ.
ಯಾರಿಗೂ ಏನೂ ಆಗಿರಲಿಲ್ಲ.
ಉಸ್ತಾದ ಬೈಯಲಿಲ್ಲ. ಎಲ್ಲ ಮತ್ತೆ ತಾನೇ ಬಿಚ್ಚಿ
"ನನ್ನ ಕಿವಿ ಸರಿ ಇಲ್ರಿ," ಅಂದ ಗಿರಾಕಿಗೆ.
ಅವತ್ತಿನಿಂದ ನನ್ನ ಕಿವಿಯೊಳಗೂ ಕರಕರ.

"ಇನ್ನಾ ಇಲ್ಲ," ಅಂದೆ.
ಎರಡು ಪೆಟ್ಟು. ರಸ್ತೆಯಲ್ಲಿ ಲಾರಿ ಬಂತು, ಹೋಗುವವರೆಗೆ ಕಾದೆ.
ಮತ್ತೊಂದು.
ಟಕ್.
ನೆಲವೇ ಓಗೊಟ್ಟಂತೆ ಗಟ್ಟಿ.
ಅವನು ಹಬ್ಬಿಗೆ ಅಂಗೈ ಹಚ್ಚಿ "ಇನ್ನೊಂದ್ಸಲ" ಅಂದ.
ಹೊಡೆದೆ. ತಲೆಯಾಡಿಸಿದ.

ಅಂಗೈಯಲ್ಲಿ ಗ್ರೀಸಿನ ಉಂಡೆ,
ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆದರೆ
ರೋಲರುಗಳ ಸಂದಿಯಿಂದ ಮೇಲೆ ಇಣುಕುತ್ತದೆ.
ಎಣಗಾಯಿ ಬದನೆಗೆ ಮಸಾಲೆ ತುಂಬಿದ ಕೈ ಇದು, ಹೊಸದೇನಲ್ಲ;
ಅವ್ವನ ಮುಂದೆ ಹೇಳಿದರೆ ಮೂಗು ಮುರಿದಾಳು.

ಗಾಲಿ ತಿರುಗಿಸುತ್ತ ನಟ್ಟು ಬಿಗಿ, ಭಾರವಾದಾಗ
ತುಸುವೇ ಹಿಂದಕ್ಕೆ ಬಿಡು.
ಹೆಚ್ಚು ಬಿಗಿದರೆ ಸುಡುತ್ತದೆ, ಹೆಚ್ಚು ಬಿಟ್ಟರೆ ಅಲುಗುತ್ತದೆ.
ಚಹಾ ತಂದ ಯಮನೂರ ಇದನ್ನು ಸಂಸಾರಕ್ಕೆ ಹೋಲಿಸಿ
ದೊಡ್ಡ ಮಾತು ಶುರು ಮಾಡಿದ.
"ನಟ್ಟಿನ ಮಾತು ನಟ್ಟಿಗಿರಲಿ," ಅಂದ ಉಸ್ತಾದ.
ಅದು ಮಾತ್ರ ಹೇಗೆ ಕೇಳಿಸಿತೋ.

ತಾವರಗೇರಾ ರಸ್ತೆಯಲ್ಲಿ ಎಂಟು ಮೈಲು ಓಡಿಸಿ ಬಂದು
ಇಂಜಿನ್ ಆರಿಸುವ ಮೊದಲೇ ಅವನು ಮಂಡಿಯೂರಿದ್ದ.
ಹಬ್ಬಿನ ಮೇಲೆ ಅವನ ಅಂಗೈ, ಪಕ್ಕಕ್ಕೆ ನನ್ನದು.
ಕಡೆಯ ರೊಟ್ಟಿ ತೆಗೆದು ಹೊತ್ತಾದ ಹಂಚಿನಷ್ಟು ಬಿಸಿ,
ಅಷ್ಟೇ.

"ಸದ್ದು ಗಿದ್ದು ಬರತೈತೇನು ಇನ್ನಾ?" ಅಮರೇಗೌಡರು ಕೂಗಿ ಕೇಳಿದರು.
ಉಸ್ತಾದ ಕೈ ಒರೆಸುತ್ತ
ನನ್ನತ್ತ ಗದ್ದ ತಿರುಗಿಸಿದ: "ಆಕೀನ್ನ ಕೇಳ್ರಿ."