ಹನಿ ನಿಂದರಬಾರದು

ಬಾಜೂ ಮನಿಯವರು ಕಾರು ನಿಲ್ಲಿಸಾಕ ಅಂತ
ದಾಳಿಂಬರ ಗಿಡಾ ಕಡಿಸಿದರು.
ಕಾರು ಬಂದದ್ದು ಮೂರು ತಿಂಗಳ ಮ್ಯಾಲೆ.
ಆ ಮೂರು ತಿಂಗಳೂ
ಮುಂಜಾನಿ ಏಳರ ಸುಮಾರಿಗೆ ಒಂದು ಹೂಗುಬ್ಬಿ ಬಂದು
ಗಿಡ ಇದ್ದ ಜಾಗಾದಾಗ, ಬರೇ ಗಾಳಿಯೊಳಗ,
ಪಟಪಟ ರೆಕ್ಕಿ ಬಡಕೋತ ಒಂದು ಗಳಿಗಿ ನಿಂದರತಿತ್ತು,
ಇಲ್ಲದ ನಂಬರಿನ ಮನಿಗೆ
ಪತ್ರ ಹಿಡಕೊಂಡು ಬಂದ ಪೋಸ್ಟಮನ್ ಹಂಗ.

ಧಾರವಾಡದ ಹೆಬ್ಬಳ್ಳಿ ಅಗಸಿ ಒಳಗಿನ ಓಣಿ ನಮ್ಮದು.
ನಾ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ್ಯಾಗ
ಮೂವತ್ತೊಂದು ವರ್ಷ ಗಾಜು ತೊಳದಾಂವ.
ಪಿಪೆಟ್ಟು, ಬ್ಯುರೆಟ್ಟು, ಹೊಟ್ಟಿ ದೊಡ್ಡ ಫ್ಲಾಸ್ಕು,
ಹುಡುಗೂರು ಸುಟ್ಟು ಕರಿ ಮಾಡಿದ ನಳಿಗಿ,
ಎಲ್ಲಾ ನನ್ನ ಬೆರಳಿನ ಗುರ್ತದವು.
ರಿಟೈರ್ ಆದ ದಿನಾ ಶಾಲು ಹೊಚ್ಚಿದರು.
ನಾ ಬಾಯಿಬಿಟ್ಟು ಕೇಳಿ ತಂದದ್ದು
ಒಂದು ಬ್ರಶ್ಶು, ಗೆರಿ ಅಳಿಸಿದ ಎರಡು ನಳಿಗಿ.

ಅದರಾಗಿಂದ ಒಂದನ್ನ ಓರೆ ಮಾಡಿ ತಂತಿಗೆ ಕಟ್ಟಿದೆ.
ಎದುರು ಮನಿ ಜುಬೇದಾ
ಕೈಗೆ ಸಣ್ಣ ಆದ ತನ್ನ ಕೆಂಪು ಬಳಿ ಕೊಟ್ಟಳು,
ಹೂವು ಅಂತ ತಿಳೀಲಿ ಅಂತ.
ಒಂದು ಚಮಚಾ ಸಕ್ಕರಿ, ನಾಕು ಚಮಚಾ ನೀರು.
ಕುದಿಸಿ, ಆರಿಸಿ.
ಬಣ್ಣಾ ಹಾಕೂಣೇನ್ ಅಜ್ಜಾ?
ಬ್ಯಾಡವಾ, ಬಳಿ ಸಾಕು.
ಬೆಲ್ಲಾ?
ಬೆಲ್ಲಾನೂ ಬ್ಯಾಡ.
ಅದರ ಹೊಟ್ಟಿ ನನ್ನ ಹೆಬ್ಬಟ್ಟಿನಷ್ಟೂ ಇಲ್ಲ.

ಒಂಬತ್ತು ದಿನಾ ಬರಲಿಲ್ಲ.
ಹತ್ತನೇ ದಿನಾ ಬಂತು, ಕೂತಿತು, ಕೊಕ್ಕ ಇಳಿಸಿತು.
ನೀಲವ್ವ ರೊಟ್ಟಿ ಬಡಿಯೂ ಕೈ ನಿಂದರಿಸಿದಳು.
ಕರಿ ಅಂತ ತಿಳಿದಿದ್ದು ಬಿಸಲಿಗೆ ತಿರಗಿದರ ನೇರಳಿ,
ಇನ್ನೊಂಚೂರು ತಿರಗಿದರ ಹಸರು.
ಪರ್ಮಾಂಗನೇಟು, ಅಂದೆ.
ಹಕ್ಕಿಗೆ ಇಂಥಾ ಹೆಸರಿಡತಾರೇನ್ರಿ, ಅಂದಳು.

ಮುಂದ ಅಣ್ಣಿಗೇರಿಯಾಗ ಮದವಿ. ನಾಕು ದಿನಾ.
ಏಪ್ರಿಲ್ ಬಿಸಲು.
ತಿರುಗಿ ಬಂದು ನೋಡಿದರ ನಳಿಗ್ಯಾಗ ಮೋಡ ಕವದಿತ್ತು.
ತಳದಾಗ ಸಾಸಿವಿ ಚೆಲ್ಲಿದಂಗ ಕರಿ ಬೂಷ್ಟು.
ಬಾಯಿತುಂಬ ಇರವಿ.
ಮೂಗಿಗೆ ಹಿಡದೆ: ಸೇಂದಿ ಅಂಗಡಿ ಹಿತ್ತಲ ವಾಸನಿ.
ಲೈಟಿನ ತಂತಿ ಮ್ಯಾಲೆ ಅದೇ ಗುಬ್ಬಿ ಕೂತು
ಕೊಕ್ಕ ಒರಸಕೋತಿತ್ತು,
ಒರಸಕೋತನ ಇತ್ತು.
ಕುಡದಿತ್ತೋ ಇಲ್ಲೋ, ಯಾರನ್ನ ಕೇಳೂದು?

ಆವತ್ತು ರಾತ್ರಿ ಊಟಾ ಸೇರಲಿಲ್ಲ.
ಮೂವತ್ತೊಂದು ವರ್ಷದಾಗ
ನಾ ತೊಳದ ನಳಿಗಿಯಿಂದ
ಯಾರ ಲೆಕ್ಕಾನೂ ತಪ್ಪಿರಲಿಲ್ಲ.

ಈಗ ದಿನಾ ಬಿಟ್ಟು ದಿನಾ, ಬ್ಯಾಸಿಗಿಗಂತೂ ದಿನಾ,
ಸುಡು ನೀರು, ಲಿಂಬಿಹುಳಿ, ಬ್ರಶ್ಶು.
ಸಾಬಾಣ ಮುಟ್ಟಸೂದಿಲ್ಲ.
ಹಸನಾತೋ ಇಲ್ಲೋ ನೋಡೂ ರೀತಿ ಒಂದದ:
ಬೆಳಕಿಗೆ ಹಿಡದು ನೀರು ಬಿಡಬೇಕು.
ಜಿಡ್ಡಿದ್ದರ ನೀರು ಹನಿ ಹನಿ ಆಗಿ ಗಾಜಿಗೆ ಅಂಟಿ ಕೂಡತದ.
ಹಸನಿದ್ದರ
ಹಾಳಿ ಎಳದಂಗ ಇಳದು ಹೋಗತದ, ಗುರ್ತ ಬಿಡೂದಿಲ್ಲ.
ಒಂದು ಹನಿ ನಿಂತದ್ದು ಕಂಡರೂ
ಮತ್ತ ಮೊದಲಿಂದ.

"ನಾ ಕುಡಿಯೂ ಚಹಾದ ಕಪ್ಪು
ಯಾವತ್ತರ ಬೆಳಕಿಗೆ ಹಿಡದೀರೇನು?"
ನೀಲವ್ವನ ಈ ಮಾತಿಗೆ ನನ್ನ ಹಂತ್ಯಾಕ ಉತ್ತರ ಇರಲಿಲ್ಲ.
ಕಪ್ಪೂ ನಾನ ತೊಳೀತೀನಿ ಈಗ.
ಆಕಿ ಅದನ್ನ ಇಸಕೊಂಡು
ಕಿಡಕಿಗೆ ಹಿಡದು ನೋಡತಾಳ, ಒಂದು ಕಣ್ಣ ಮುಚ್ಚಿ.

ಮಳಿ ಹಿಡೀತು. ಗುಬ್ಬಿಯ ನೇರಳಿ ಎಲ್ಲಾ ಉದುರಿ
ಮೈ ಮಣ್ಣಿನ ಬಣ್ಣಾತು.
ಗಂಟಲಿಂದ ಹೊಟ್ಟಿಗೆ ಒಂದ ಒಂದು ಕರಿ ಪಟ್ಟಿ.
ಇದು ಬ್ಯಾರೆ ಗುಬ್ಬಿ ಅಜ್ಜಾ, ಅಂತಾಳ ಜುಬೇದಾ.
ಅಲ್ಲವಾ, ಅದ. ತೊಳಕೊಂಡು ಬಂದದ.

ಇವತ್ತು ನಳಿಗಿ ತೊಳದು ತಂತಿಗೆ ಸಿಗಸಿದ್ದೆ,
ಸಕ್ಕರಿ ನೀರು ಇನ್ನೂ ಒಲಿ ಮಗ್ಗಲಕ್ಕಿತ್ತು.
ಬಂತು. ಖಾಲಿ ನಳಿಗ್ಯಾಗ ಕೊಕ್ಕ ಹಾಕಿತು, ತಗೀತು,
ಮತ್ತ ಹಾಕಿತು,
ಕುತ್ತಗಿ ಓರೆ ಮಾಡಿ ನನ್ನ ಕಡೆ ನೋಡಿತು.

ತಡಿಯೋ ಮಾರಾಯಾ,
ಇನ್ನೂ ಬಿಸಿ ಅದ.