ಮೋಟು

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಮಹಡಿ,
ಮಹಡಿಯ ಮೇಲೆ ತಗಡಿನ ಕೋಣೆ,
ಕೋಣೆಯ ಮೇಲೆ ಶಂಷಾಲಂ ಮಾಮನ ಆಂಟೆನಾ.
ಪೊಲೀಸ್ ವೈರ್‌ಲೆಸ್ಸಿನಲ್ಲಿ ಮೂವತ್ತು ವರ್ಷ ಕೂತ ಕಿವಿ,
ಈಗಲೂ ಸುಮ್ಮನಿರಲಾರದು.

ನನ್ನ ಕೆಲಸ ಕೆಳಗೆ. ದಾರ ಕತ್ತರಿಸುವುದು.
ಎಲ್ಲಿಗೂ ಸೇರದೆ ನೇತಾಡುವ ತುದಿ ಕಂಡರೆ
ಕಚ್.
ದಿನಕ್ಕೆ ನಾನೂರು ಪ್ಯಾಂಟು.

ಮಾಮನಿಗೆ ಒಂದೇ ಕಾಟ, ಊರಿನ ಎಫ್‌ಎಂ.
ದೂರದ ಗೆಳೆಯರ ಸಣ್ಣ ದನಿಯ ಮೇಲೆ
ಮೆಣಸಿನಕಾಯಿ ಬೀಜದ ಜಾಹೀರಾತು ಬಂದು ಕೂರುತ್ತಿತ್ತು.
ನಮ್ಮ ಸೊಂಟ ಅಳೆಯುವ ಟೇಪು ಕೇಳಿ ಪಡೆದ,
ಅರ್ಧ ಮೀಟರ್ ಕೇಬಲ್ ಅಳೆದ,
ಒಂದು ಕೊನೆ ಆಂಟೆನಾದ ದಾರಿಗೆ ಸಿಕ್ಕಿಸಿ
ಇನ್ನೊಂದನ್ನು ಹಾಗೇ ಬಿಟ್ಟ.
ಜಾಹೀರಾತು ನಿಂತಿತು.

"ಆ ತುದಿಗೆ ಏನೈತಿ ಮಾಮ?"
"ಏನಿಲ್ಲ. ಸ್ಟಬ್ ಅಂತಾರ. ಮೋಟು."
"ಮತ್ತ ಹೆಂಗ?"

ಗುಡ್ಡದ ಕಡೆ ಕೈ ತೋರಿದ.
"ನಿಮ್ಮ ಓಣಿ ಬಂಡಿಗಲ್ಲಿಗೆ ಮುಗೀತೈತಲ್ಲ,
ಹೋದೋರು ತಿರುಗೇ ಬರಬೇಕು.
ಅಲೆನೂ ಹಂಗ.
ಬರೋಷ್ಟರಾಗ ಅರ್ಧ ಅಲೆ ಹೊತ್ತು ಕಳದಿರ್ತೈತಿ,
ಇದು ಮೇಲಂದ್ರ ಅದು ಕೆಳಗ,
ಓಣಿ ಬಾಯಾಗ ಎದುರಾಗ್ತಾವ. ಸೊನ್ನೆ.
ತುದಿ ತೆರೆದೈತಿ, ಬಾಯಿಗೆ ಬೀಗ ಬಿದ್ದಂಗ.
ಆ ಒಂದು ಅಳತಿಗೆ ಮಾತ್ರ.
ಬ್ಯಾರೆ ದನಿಗೆ ಅದು ಬರೇ ಓಣಿ, ಒಂದೀಟು ಎಳೀತೈತಿ."
ಆ ಎಳೆತ ಸರಿದೂಗಿಸಲು ಪಕ್ಕದಲ್ಲೇ
ಹತ್ತೊಂಬತ್ತು ಸೆಂಟಿಮೀಟರಿನ ಇನ್ನೊಂದು ಮೋಟು.

ಶುಕ್ರವಾರ ಅವನು ನಮಾಜಿಗೆ ಹೋದಾಗ
ಚಹಾದ ಲೋಟ ತರಲು ಮೇಲೆ ಹತ್ತಿದೆ.
ಮೇಜಿನಂಚಿಗೆ ಕರಿ ತುದಿ ನೇತಾಡುತ್ತಿತ್ತು.
ಯೋಚಿಸಲಿಲ್ಲ. ಕಚ್.
ಎರಡು ಬೆರಳಿನಷ್ಟು ನೆಲಕ್ಕೆ ಬಿತ್ತು,
ಮೆಣಸಿನಕಾಯಿ ಬೀಜ ಕೋಣೆ ತುಂಬ ಕೂಗಿತು.

ಬಂದವನು ತುಂಡನ್ನು ಅಂಗೈಯಲ್ಲಿಟ್ಟು ನೋಡಿದ.
ಬೈಯಲಿಲ್ಲ.
"ಗಿಡ್ಡಾದದ್ದು ಉದ್ದ ಆಗೂದಿಲ್ಲ ಮಾರೆಕ್ಕ.
ಟೇಪ್ ತಗೊಂಬಾ. ಈ ಸಲ ನೀನ ಮಾಡು.
ಮೊದಲು ಉದ್ದನ ಹಿಡಿ,
ಸಾಸಿವಿಯಷ್ಟ ಸಾಸಿವಿಯಷ್ಟ ಕತ್ತರಿಸು,
ಕೇಳಿಕೋತ."

ಸಾಸಿವೆಯಷ್ಟು. ಇನ್ನೊಂದು ಸಾಸಿವೆಯಷ್ಟು.
ಹಾಡು ಮಬ್ಬಾಯಿತು, ಓಣಿಯಾಚೆಯ ಹಾಡಾಯಿತು,
ಹೋದದ್ದು ಯಾವಾಗಲೋ ಗೊತ್ತಾಗಲಿಲ್ಲ.
ಅದರಡಿಯಿಂದ ಒಬ್ಬಾತ, ಸಿರುಗುಪ್ಪದವನಂತೆ,
ತನ್ನೂರಲ್ಲಿ ಬಿರುಗಾಳಿ ಎಂದು ಹೇಳುತ್ತಲೇ ಇದ್ದ,
ಎಷ್ಟು ಹೊತ್ತಿನಿಂದಲೋ.

ಕೆಳಗಿಳಿದು ಪ್ಯಾಂಟು ಹಿಡಿದೆ.
ಅಂಚಿಗೊಂದು ದಾರ. ಕತ್ತರಿ ತಡೆಯಿತು.
ಸೂಪರ್‌ವೈಸರ್ ನೋಡುತ್ತಿದ್ದ.
ಕತ್ತರಿಸಿದೆ.